ತೂಕವಿಲ್ಲದ ಜಾಗದಲ್ಲೂ ಓಡಿದ ರೇಸಿಂಗ್ ವಾಚು

ಬಾಹ್ಯಾಕಾಶದಲ್ಲಿ ಆಟೊಮ್ಯಾಟಿಕ್ ವಾಚು, ಅಂದರೆ ಕೈಯ ಚಲನೆಯಿಂದ ತಾನೇ ಕೀ ತುಂಬಿಕೊಳ್ಳುವ ವಾಚು, ನಿಂತುಹೋಗುತ್ತದೆ ಅಂತ ಇವತ್ತಿಗೂ ಬಹಳ ಜನ ನಂಬಿದ್ದಾರೆ. ಗುರುತ್ವ ಇಲ್ಲದೆ ಸ್ಪ್ರಿಂಗ್ ಸುತ್ತುವ ಒಳಗಿನ ಅರ್ಧಚಂದ್ರಾಕಾರದ ಭಾರ, ಅಂದರೆ ರೋಟರ್, ತಿರುಗೋದಾದರೂ ಹೇಗೆ ಅನ್ನುವುದು ಅವರ ವಾದ. ಅದು ತಪ್ಪು ಅಂತ ತೋರಿಸಿದ್ದು ಜಪಾನಿನ ಸೈಕೊ ಕಂಪನಿಯ ಹಳದಿ ಡಯಲಿನ ಒಂದು 6139 ವಾಚು.

1973ರ ನವೆಂಬರಿನಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬಿಗೆ ಹೊರಟ ಗಗನಯಾತ್ರಿ ವಿಲಿಯಂ ಪೋಗ್ ತಾವೇ ಕೊಂಡಿದ್ದ ಈ ಕ್ರೊನೊಗ್ರಾಫನ್ನು (ಸ್ಟಾಪ್‌ವಾಚ್ ಇರುವ ಕೈಗಡಿಯಾರವನ್ನು) ಜೊತೆಗೆ ಒಯ್ದರು. ನಾಸಾ ಕೊಟ್ಟಿದ್ದು ಒಮೆಗಾ, ಕೈಯಿಂದ ಕೀ ಕೊಡುವಂಥದ್ದು. ಸೈಕೊಗೆ ನಾಸಾದ ಒಪ್ಪಿಗೆ ಇರಲಿಲ್ಲ. ಆದರೆ ತರಬೇತಿಯಲ್ಲಿ ಅದನ್ನೇ ಬಳಸಿ ಅಭ್ಯಾಸವಾಗಿತ್ತು. ಆ ಯಾನ 84 ದಿನ ನಡೆಯಿತು. ನನಗೆ ತುಂಬಾ ಖುಷಿ ಕೊಡುವ ವಿಷಯ ಏನೆಂದರೆ, 6139ಕ್ಕೆ ಕೈಯಿಂದ ಕೀ ಕೊಡಲು ಬರುವುದೇ ಇಲ್ಲ. ಅಲ್ಲಿ ಅದರ ಸ್ಪ್ರಿಂಗ್ ಸುತ್ತಿದ್ದು ರೋಟರ್ ಮಾತ್ರ.

ಕೈ ತಟ್ಟನೆ ಆಚೀಚೆ ಆದಾಗ ವಾಚಿನ ಕೇಸು ಕೈಜೊತೆ ಹೋಗುತ್ತದೆ. ಒಳಗಿನ ಭಾರ ಇದ್ದಲ್ಲೇ ಇರಲು ನೋಡುತ್ತದೆ. ಆ ವ್ಯತ್ಯಾಸವೇ ರೋಟರಿನ ತಿರುಗಾಟ. ಇದಕ್ಕೆ ಬೇಕಾದದ್ದು ಜಡತ್ವ, ತೂಕ ಅಲ್ಲ. ಅಷ್ಟಕ್ಕೂ ಸ್ಕೈಲ್ಯಾಬಿನ ಎತ್ತರದಲ್ಲಿ ಭೂಮಿಯ ಸೆಳೆತ ನೆಲದಲ್ಲಿರುವುದರ ಹೆಚ್ಚುಕಡಿಮೆ ಶೇಕಡ 90ರಷ್ಟು ಇದ್ದೇ ಇರುತ್ತದೆ. ಎಲ್ಲವೂ ಒಟ್ಟಿಗೆ ಬೀಳುತ್ತಿರುವುದರಿಂದ ತೂಕ ಗೊತ್ತಾಗುವುದಿಲ್ಲ, ಅಷ್ಟೆ.

1969ರಲ್ಲಿ ಆಟೊಮ್ಯಾಟಿಕ್ ಕ್ರೊನೊಗ್ರಾಫ್ ಮೊದಲು ತರುವುದು ಯಾರು ಅಂತ ಪೈಪೋಟಿಯೇ ನಡೆದಿತ್ತು. ಜನವರಿಯಲ್ಲಿ ಸ್ವಿಸ್ ಕಂಪನಿ ಜೆನಿತ್ ತನ್ನ ಎಲ್ ಪ್ರಿಮೆರೊ ಘೋಷಿಸಿತು. ಮಾರ್ಚಿನಲ್ಲಿ ಹೋಯರ್, ಬ್ರೈಟ್ಲಿಂಗ್ ಮುಂತಾದ ಕಂಪನಿಗಳ ಕೂಟ ತನ್ನದನ್ನು ಘೋಷಿಸಿತು. ಮೇ ಹೊತ್ತಿಗೆ ಜಪಾನಿನ ಅಂಗಡಿಗಳಲ್ಲಿ 6139 ಮಾರಾಟಕ್ಕಿತ್ತು. ಹೆಸರು ಹೋದದ್ದು ಸ್ವಿಸ್ ವಾಚುಗಳಿಗೆ. ಅದು ನ್ಯಾಯವಲ್ಲ. ಯಾಕೆಂದರೆ 6139ರ ಒಳಗೆ ವರ್ಟಿಕಲ್ ಕ್ಲಚ್ ಇತ್ತು, ಅಂದರೆ ಸ್ಟಾಪ್‌ವಾಚಿನ ಮುಳ್ಳನ್ನು ಓಡುವ ಯಂತ್ರಕ್ಕೆ ಪಕ್ಕದಿಂದಲ್ಲ, ಮೇಲೆ ಕೆಳಗೆ ಒತ್ತಿ ಜೋಡಿಸುವ ಭಾಗ.

ಎಲ್ ಪ್ರಿಮೆರೊದಂಥ ವಾಚಿನಲ್ಲಿ ಗುಂಡಿ ಒತ್ತಿದಾಗ ಓಡುತ್ತಿರುವ ಚಕ್ರಕ್ಕೆ ಇನ್ನೊಂದು ಚಕ್ರ ಪಕ್ಕದಿಂದ ಬಂದು ಸೇರುತ್ತದೆ. ಹಲ್ಲಿಗೆ ಹಲ್ಲು ಸರಿಯಾಗಿ ಕೂರದಿದ್ದರೆ ಸೆಕೆಂಡ್ ಮುಳ್ಳು ಸ್ವಲ್ಪ ಹಾರುತ್ತದೆ. ಸೈಕೊದಲ್ಲಿ ಎರಡೂ ಭಾಗ ಒಂದೇ ಅಚ್ಚಿನ ಮೇಲೆ, ಒಂದರ ಮೇಲೊಂದು ಇವೆ. ಬೈಕಿನ ಕ್ಲಚ್ ಪ್ಲೇಟಿನ ಹಾಗೆ ಒತ್ತಿಕೊಂಡು ಉಜ್ಜಾಟದಿಂದಲೇ ಜೊತೆಗೆ ತಿರುಗುತ್ತವೆ. ಹಲ್ಲಿನ ರಗಳೆಯೇ ಇಲ್ಲ. ಮುಳ್ಳು ನಯವಾಗಿ ಹೊರಡುತ್ತದೆ. ರೇಸಿನಲ್ಲಿ ಮುಖ್ಯವಾದದ್ದು ಇದೇ ಅಲ್ವಾ? ಡಯಲಿನ ಅಂಚಿನಲ್ಲಿ ವೇಗ ತೋರಿಸುವ ಟ್ಯಾಕಿಮೀಟರ್ ಪಟ್ಟಿಯ ಲೆಕ್ಕ ಸುಲಭ: 3600ನ್ನು ಸೆಕೆಂಡುಗಳಿಂದ ಭಾಗಿಸಿ. ಒಂದು ಕಿಲೋಮೀಟರಿಗೆ 30 ಸೆಕೆಂಡು ಹಿಡಿದರೆ ವೇಗ ಗಂಟೆಗೆ 120 ಕಿಲೋಮೀಟರ್. ಶುರುವಿನಲ್ಲೇ ಮುಳ್ಳು ಅರ್ಧ ಸೆಕೆಂಡು ಹಾರಿದರೆ ಆ 120ರಲ್ಲಿ ಸುಮಾರು 2 ಕಿಲೋಮೀಟರ್ ವ್ಯತ್ಯಾಸ ಬರುತ್ತದೆ.

ಕ್ರೊನೊಗ್ರಾಫಿನದ್ದು ಬಿಟ್ಟರೆ ಈ ವಾಚಿನಲ್ಲಿ ಬೇರೆ ಸೆಕೆಂಡ್ ಮುಳ್ಳಿಲ್ಲ. ಅದಕ್ಕೇ ಕೆಲವರು ಕ್ರೊನೊಗ್ರಾಫನ್ನು ಸದಾ ಓಡಲು ಬಿಡುತ್ತಾರೆ. ಈ ಕ್ಲಚ್ ಇರುವುದರಿಂದ ಅದು ವಾಚಿಗೆ ಅಷ್ಟೇನೂ ಹೊರೆಯಲ್ಲ. ರೋಲೆಕ್ಸ್ ಕೂಡ 2000ದಲ್ಲಿ ತಾನೇ ತಯಾರಿಸಿದ ಡೇಟೋನಾ ಕ್ರೊನೊಗ್ರಾಫಿನ ಯಂತ್ರಕ್ಕೆ ವರ್ಟಿಕಲ್ ಕ್ಲಚ್ಚನ್ನೇ ಹಾಕಿತು.