ಬಿಡಬಹುದಾದ ತಿಂಡಿ, ಬಿಡಲಾಗದ ತಿಂಡಿ

ರಕ್ತದ ಗುಂಪು ನೋಡಿ ಡಯಟ್ ಹೇಳುವವರು ಇನ್ನೂ ಇದ್ದಾರೆ. ‘ಓ’ ಗುಂಪಿನವರು ಮಾಂಸ ತಿನ್ನಬೇಕಂತೆ, ‘ಎ’ ಗುಂಪಿನವರಿಗೆ ಸೊಪ್ಪು ತರಕಾರಿಯೇ ಗತಿಯಂತೆ. ಟೊರೊಂಟೊ ವಿಶ್ವವಿದ್ಯಾಲಯದವರು 2014ರಲ್ಲಿ 1,455 ಜನರ ಊಟದ ವಿವರವನ್ನೂ ರಕ್ತದ ಗುಂಪನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ‘ಎ’ ಗುಂಪಿಗೆ ಅಂತ ಹೇಳಿದ ಆಹಾರ ತಿನ್ನುವವರ ತೂಕ ಕಡಿಮೆ ಇದ್ದದ್ದು ನಿಜ. ಆದರೆ ಅವರ ರಕ್ತ ಯಾವ ಗುಂಪಿನದಾಗಿದ್ದರೂ ಅದು ಹಾಗೇ ಇತ್ತು. ತರಕಾರಿ ಜಾಸ್ತಿ ತಿಂದರೆ ಯಾರಿಗಾದರೂ ಒಳ್ಳೆಯದೇ ಅಲ್ವಾ?

ಈಗ ರಕ್ತದ ಗುಂಪಿನ ಜಾಗಕ್ಕೆ ಜೀನ್ ಬಂದಿದೆ. ಎಂಜಲು ಕಳಿಸಿ, ನಿಮಗೆ ಹೊಂದುವ ಡಯಟ್ ಹೇಳುತ್ತೇವೆ ಅನ್ನುತ್ತಾರೆ. ಇದನ್ನೂ ಪರೀಕ್ಷಿಸಿ ಆಗಿದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ಟೋಫರ್ ಗಾರ್ಡ್‌ನರ್ ಮತ್ತು ಜೊತೆಗಾರರು 609 ಜನರನ್ನು ಒಂದು ವರ್ಷ ಗಮನಿಸಿದರು. ಕೆಲವರಿಗೆ ಕೊಬ್ಬು ಕಡಿಮೆ, ಕೆಲವರಿಗೆ ಕಾರ್ಬ್ (ಅನ್ನ, ಬ್ರೆಡ್, ಸಕ್ಕರೆಯಂಥವು) ಕಡಿಮೆ. 2018ರಲ್ಲಿ ಫಲಿತಾಂಶ ಬಂತು. ಮೊದಲ ಗುಂಪು ಸರಾಸರಿ 5.3 ಕಿಲೊ ಇಳಿದಿತ್ತು, ಎರಡನೆಯದು 6 ಕಿಲೊ. ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವೇ ಅಲ್ಲ. ಅವರು ಪರೀಕ್ಷಿಸಿದ ಜೀನ್‌ಗಳೂ ಇನ್ಸುಲಿನ್ ಪ್ರಮಾಣವೂ ಯಾರಿಗೆ ಯಾವುದು ಹೊಂದುತ್ತದೆ ಅಂತ ಹೇಳಲಿಲ್ಲ. ನನಗೆ ಮಜಾ ಅನ್ನಿಸುವುದು ಈ ಸರಾಸರಿಯ ಒಳಗೆ ಅಡಗಿದ್ದ ಸಂಗತಿ. ಎರಡೂ ಗುಂಪಿನಲ್ಲಿ ಕೆಲವರು 25 ಕಿಲೊಗಿಂತ ಜಾಸ್ತಿ ಇಳಿದಿದ್ದರು, ಕೆಲವರು ಏಳೆಂಟು ಕಿಲೊ ಏರಿದ್ದರು!

ಅಂದರೆ ಡಯಟ್‌ಗಳ ನಡುವಿನ ಅಂತರಕ್ಕಿಂತ ಒಂದೇ ಡಯಟ್ ಹಿಡಿದವರ ನಡುವಿನ ಅಂತರವೇ ದೊಡ್ಡದು. ಯಾಕೆ? 2005ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 160 ಜನರಿಗೆ ಆಗ ಹೆಸರು ಮಾಡಿದ್ದ ನಾಲ್ಕು ಡಯಟ್‌ಗಳನ್ನು ಹಂಚಿದ್ದರು. ಯಾವ ಡಯಟ್ ಸಿಕ್ಕಿತು ಅನ್ನುವುದಕ್ಕೂ ಇಳಿದ ತೂಕಕ್ಕೂ ಹೇಳಿಕೊಳ್ಳುವಂಥ ಸಂಬಂಧ ಸಿಗಲಿಲ್ಲ. ಎಷ್ಟು ಬಿಗಿಯಾಗಿ ಪಾಲಿಸಿದರು ಅನ್ನುವುದಕ್ಕೂ ಇಳಿದ ತೂಕಕ್ಕೂ ಮಾತ್ರ ಸಂಬಂಧ ಚೆನ್ನಾಗಿಯೇ ಇತ್ತು. ತುಂಬ ಕಟ್ಟುನಿಟ್ಟಾದ ಎರಡು ಡಯಟ್‌ಗಳಲ್ಲಿ ವರ್ಷ ಮುಗಿಯುವ ಹೊತ್ತಿಗೆ ಸುಮಾರು ಅರ್ಧ ಜನ ಪ್ರಯೋಗವನ್ನೇ ಬಿಟ್ಟು ಹೋಗಿದ್ದರು.

ಇಲ್ಲಿ ವಿಲಿಯಂ ಬ್ಯಾಂಟಿಂಗ್ ನೆನಪಾಗುತ್ತಾನೆ. ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವುದು ಅವನ ಕಸುಬು. ಬಗ್ಗಿ ಬೂಟಿನ ದಾರ ಕಟ್ಟಲಾಗದಷ್ಟು ದಪ್ಪಗಿದ್ದ. ತೂಕ ಇಳಿಸಲು ದೋಣಿ ಹುಟ್ಟು ಹಾಕಿದ, ಹಸಿವು ಇನ್ನೂ ಜೋರಾಯಿತು. ಕೊನೆಗೆ ಕಿವಿ ಕೇಳಿಸುತ್ತಿಲ್ಲ ಅಂತ ವಿಲಿಯಂ ಹಾರ್ವೆ ಎಂಬ ವೈದ್ಯರ ಹತ್ತಿರ ಹೋದರೆ, ಬ್ರೆಡ್, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಡು ಅಂದರು. ಒಂದು ವರ್ಷದಲ್ಲಿ ಸುಮಾರು 21 ಕಿಲೊ ಇಳಿದ. 1863ರಲ್ಲಿ ಅದನ್ನೆಲ್ಲ ಬರೆದು ಪುಸ್ತಿಕೆ ಹಂಚಿದ. ಪಥ್ಯದ ಪುಣ್ಯ ಅಂತ ಎಲ್ಲರೂ ಕೊಂಡಾಡಿದರು. ಆದರೆ ಅವನ ತಟ್ಟೆಯಲ್ಲಿ ಉಳಿದದ್ದೇನು ನೋಡಿ: ಮಾಂಸ, ಮೀನು, ದಿನಕ್ಕೆ ಹಲವು ಲೋಟ ವೈನ್. ಅವನು ಖುಷಿಯಾಗಿ ಮುಂದುವರಿಸಿದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. (ವೈನ್ ವಿಷಯದಲ್ಲಿ ಅವನನ್ನು ಅನುಸರಿಸುವುದು ಬೇಡ.)

ಮುಂದುವರಿಸುವುದು ಯಾಕೆ ಇಷ್ಟು ಕಷ್ಟ ಅನ್ನುವುದೇ ಈ ಕತೆಯ ತಿರುಳು. ಮೊದಲ ವಾರದ ಇಳಿತಕ್ಕೆ ಮರುಳಾಗಬೇಡಿ. ಕಾರ್ಬ್ ಕಡಿಮೆ ಮಾಡಿದಾಗ ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಖಾಲಿಯಾಗುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಹೋಗುತ್ತದೆ. ತೂಕದ ಮುಳ್ಳು ಸರ್ರನೆ ಇಳಿಯುತ್ತದೆ, ಕೊಬ್ಬು ಹೆಚ್ಚೇನೂ ಕರಗಿರುವುದಿಲ್ಲ. ನಿಜವಾಗಿ ಕೊಬ್ಬು ಕರಗತೊಡಗಿದಾಗ ಅದು ಸ್ರವಿಸುವ, ಹಸಿವನ್ನು ತಗ್ಗಿಸುವ ಲೆಪ್ಟಿನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಮಿದುಳು ಅದನ್ನು ಬರಗಾಲ ಅಂತ ಓದಿಕೊಳ್ಳುತ್ತದೆ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಜೊತೆಗಾರರ ಲೆಕ್ಕದಲ್ಲಿ, ಇಳಿದ ಪ್ರತಿ ಕಿಲೊಗೆ ದೇಹ ದಿನಕ್ಕೆ 20–30 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತದೆ. ಹಸಿವು ಮಾತ್ರ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ರಬ್ಬರ್ ಬ್ಯಾಂಡ್ ಎಳೆದಷ್ಟೂ ಬಿಗಿಯಾಗುವ ಹಾಗೆ. ಆರು ಕಿಲೊ ಇಳಿದವರ ಹಸಿವು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಕೇಳುತ್ತಿರುತ್ತದೆ. ಅಂದರೆ ಒಂದು ಊಟ! ಆರನೇ ತಿಂಗಳಲ್ಲಿ ತೂಕ ನಿಂತುಬಿಟ್ಟರೆ ‘ನಿನಗೆ ಮನಸ್ಸು ಗಟ್ಟಿ ಇಲ್ಲ’ ಅನ್ನುವವರಿಗೆ ಈ ಲೆಕ್ಕ ತೋರಿಸಿ. ಹತ್ತು ವಾರ ಬಿಗಿ ಡಯಟ್ ಮಾಡಿ ತೂಕ ಇಳಿಸಿದವರಲ್ಲಿ ಹಸಿವಿನ ಹಾರ್ಮೋನುಗಳು ಒಂದು ವರ್ಷದ ನಂತರವೂ ಹಳೆಯ ಮಟ್ಟಕ್ಕೆ ಮರಳಿರಲಿಲ್ಲ ಅಂತ 2011ರ ಅಧ್ಯಯನವೊಂದು ತೋರಿಸಿದೆ.

ಹಾಗಾದರೆ ಇಷ್ಟವಾದ ಡಯಟ್ ಆರಿಸಿಕೊಂಡರೆ ಕೆಲಸ ಮುಗಿಯಿತು, ಅಲ್ವಾ? ಇಲ್ಲ. ಅಮೆರಿಕದ ಡರಂನಲ್ಲಿ 207 ಮಾಜಿ ಸೈನಿಕರ ಮೇಲೆ ಇದನ್ನೇ ಪ್ರಯೋಗ ಮಾಡಿದರು. ಅರ್ಧದಷ್ಟು ಜನರಿಗೆ ಆಯ್ಕೆ ಕೊಟ್ಟರು, ಉಳಿದವರಿಗೆ ಚೀಟಿ ಎತ್ತಿದಂತೆ ಒಂದನ್ನು ಹಚ್ಚಿದರು. 48 ವಾರಗಳ ನಂತರ ಆರಿಸಿಕೊಂಡವರು 5.7 ಕಿಲೊ ಇಳಿದಿದ್ದರು, ಆಯ್ಕೆ ಇಲ್ಲದವರು 6.7 ಕಿಲೊ. ಆ ವ್ಯತ್ಯಾಸವನ್ನು ದೊಡ್ಡದು ಮಾಡುವಂತಿಲ್ಲ. ಆದರೂ ಆಯ್ಕೆಯಿಂದ ಲಾಭ ಆಗಲಿಲ್ಲ ಅನ್ನುವುದಂತೂ ಸ್ಪಷ್ಟ.

ನನ್ನ ಊಹೆ ಇದು. ಬ್ರೆಡ್ ಪ್ರಿಯರು ಬ್ರೆಡ್ ಇರುವ ಡಯಟ್ ಆರಿಸುತ್ತಾರೆ, ಆಮೇಲೆ ಅದನ್ನೇ ಮುಗಿಬಿದ್ದು ತಿನ್ನುತ್ತಾರೆ. ನಾಲಿಗೆಗೆ ಹಿಡಿಸುವುದು ಬೇರೆ, ಹೊಟ್ಟೆ ತುಂಬಿಸುವುದು ಬೇರೆ. ಸಿಡ್ನಿಯಲ್ಲಿ ಸುಸಾನಾ ಹೋಲ್ಟ್ ಮತ್ತು ಜೊತೆಗಾರರು 38 ತಿನಿಸುಗಳನ್ನು ಒಂದೇ ಕ್ಯಾಲೊರಿಯಷ್ಟು ತಿನ್ನಿಸಿ, ಹೊಟ್ಟೆ ಎಷ್ಟು ತುಂಬಿದಂತಾಯಿತು ಅಂತ ಕೇಳಿದರು. 1995ರಲ್ಲಿ ಪ್ರಕಟವಾದ ಅಂಕಿ ಹೀಗಿದೆ: ಬಿಳಿ ಬ್ರೆಡ್ಡಿಗೆ 100 ಅಂಕ ಅಂದರೆ ಬೇಯಿಸಿದ ಆಲೂಗಡ್ಡೆಗೆ 323, ಬೆಣ್ಣೆ ಪದರದ ಕ್ರೊಸಾಂಗೆ 47. ಎಲ್ಲರೂ ಬೈಯುವ ಆಲೂಗಡ್ಡೆಯೇ ಮೊದಲ ಸ್ಥಾನದಲ್ಲಿತ್ತು.

ಹಾಗಾಗಿ ಇಷ್ಟದ ಪಟ್ಟಿಗಿಂತ ಬಿಡುವ ಪಟ್ಟಿ ಮೊದಲು ಬರೆಯಿರಿ ಅನ್ನುತ್ತೇನೆ. ಒಂದು ವಾರ ತಿಂದದ್ದನ್ನೆಲ್ಲ ಬರೆದಿಡಿ. ಯಾವುದು ಹೋದರೆ ಬೇಜಾರಾಗುವುದಿಲ್ಲ? ಸುಮ್ನೆ ಕೈಗೆ ಸಿಕ್ಕಿತು ಅಂತ ತಿಂದದ್ದು ಯಾವುದು? ಕರಿದ ತಿಂಡಿ ಬಿಡಬಹುದು, ಧಾನ್ಯ ಬಿಡಲಾಗದು ಅನ್ನುವವರು ಕೊಬ್ಬು ಕಡಿಮೆ ಮಾಡಲಿ, ಜೊತೆಗೆ ಹೊಟ್ಟೆ ತುಂಬಿಸುವ ಕಾಳು, ತರಕಾರಿ ಹೆಚ್ಚಿಸಲಿ. ಮೊಟ್ಟೆ, ಮಾಂಸ, ಪನೀರ್ ಇದ್ದರೆ ಸಾಕು ಅನ್ನುವವರಿಗೆ ಕಾರ್ಬ್ ಕಡಿತ ಸುಲಭ. ಲೆಕ್ಕ ಬರೆಯುವುದೇ ತಲೆನೋವು ಅನ್ನುವವರು ಊಟದ ಗಂಟೆಗಳನ್ನು ಕಡಿಮೆ ಮಾಡಿ ನೋಡಬಹುದು. ಅದರಲ್ಲೂ ಮಾಯೆ ಏನಿಲ್ಲ. ಚೀನಾದಲ್ಲಿ 139 ಜನರ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕ್ಯಾಲೊರಿ ಕಡಿತದ ಮೇಲೆ ಗಂಟೆಯ ಕಟ್ಟುಪಾಡು ಸೇರಿಸಿದರೂ ಗಮನಾರ್ಹ ಲಾಭ ಕಾಣಲಿಲ್ಲ.

ರುಚಿಯೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಉಪ್ಪು ಕಡಿಮೆ ಮಾಡಿದವರಿಗೆ ಎರಡು ಮೂರು ತಿಂಗಳಲ್ಲಿ ಹಳೆಯ ಅಡುಗೆಯೇ ಉಪ್ಪುಪ್ಪು ಅನ್ನಿಸತೊಡಗುತ್ತದೆ. ಇವತ್ತಿನ ಪಟ್ಟಿಯನ್ನು ಮೂರು ತಿಂಗಳ ನಂತರ ಮತ್ತೆ ಬರೆಯಿರಿ, ಒಂದೆರಡು ಸಾಲು ಬದಲಾಗಿರಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಕಾರ್ಬ್ ಇಳಿಸುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಊಟ ಇಳಿದು ಔಷಧಿ ಅಷ್ಟೇ ಉಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.