ಎದ್ದ ಕೂಡಲೇ ಹಿಮ್ಮಡಿ ನೋವು ಯಾಕೆ?

ಪ್ರಶ್ನೆ: ನನಗೆ 46 ವರ್ಷ, ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಎದ್ದು ಕಾಲೂರಿದರೆ ಹಿಮ್ಮಡಿಗೆ ಮೊಳೆ ಚುಚ್ಚಿದ ಹಾಗಾಗುತ್ತದೆ. ನಾಲ್ಕು ಹೆಜ್ಜೆ ನಡೆದರೆ ಕಡಿಮೆ. ಎಕ್ಸ್‌ರೇ ನೋಡಿ ಮೂಳೆ ಬೆಳೆದಿದೆ ಅಂದರು. ಆಪರೇಷನ್ ಬೇಕಾಗುತ್ತದಾ?

ಉತ್ತರ: ಆಪರೇಷನ್ ಮಾತು ಸದ್ಯಕ್ಕೆ ಬೇಡ. ನೀವು ಹೇಳಿದ್ದು ಪ್ಲಾಂಟರ್ ಫೇಸಿಯೈಟಿಸ್‌ನ ಲಕ್ಷಣ. ಹಿಮ್ಮಡಿ ನೋವಿಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಅದೇ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇರುತ್ತದೆ. ಪಾದದ ಕಮಾನನ್ನು ಹಿಡಿದಿಡುವುದು ಅದು. ದಿನವಿಡೀ ನಿಂತರೆ ಮೂಳೆಗೆ ಅಂಟಿಕೊಂಡ ಜಾಗದಲ್ಲಿ ಈ ಪಟ್ಟಿ ಜಗ್ಗಿ ಜಗ್ಗಿ ಸವೆಯುತ್ತದೆ. ರಾತ್ರಿ ಪಾದ ಕೆಳಗೆ ಬಾಗಿರುವುದರಿಂದ ಬಿಗಿಯಾಗುತ್ತದೆ. ಬೆಳಿಗ್ಗೆ ಮೈಭಾರ ಒಮ್ಮೆಲೇ ಬಿದ್ದಾಗ ನೋವು. ಬಸ್ಸಲ್ಲಿ ತುಂಬಾ ಹೊತ್ತು ಕೂತು ಎದ್ದಾಗಲೂ ಹೀಗೇ ಆಗಿರಬೇಕು, ಅಲ್ವಾ?

ಬೆಳೆದ ಮೂಳೆಗೆ ಹೆದರಬೇಡಿ. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಅದು ಕಾಣುತ್ತದೆ.

ಮೈತೂಕ ಜಾಸ್ತಿಯಾದರೆ, ಮೀನಖಂಡ ಬಿಗಿಯಾಗಿದ್ದರೆ, ಪಾದ ಚಪ್ಪಟೆಯಾಗಿದ್ದರೆ ಇದು ಬೇಗ ಬರುತ್ತದೆ. ನಮ್ಮಲ್ಲಿ ಇನ್ನೊಂದಿದೆ. ಚಪ್ಪಲಿ ಬಾಗಿಲಾಚೆ ಬಿಟ್ಟು, ಗ್ರಾನೈಟ್ ಅಥವಾ ಟೈಲ್ಸ್ ಮೇಲೆ ಬರಿಗಾಲಲ್ಲಿ ಗಂಟೆಗಟ್ಟಲೆ ಅಡುಗೆ ಮಾಡುತ್ತೇವೆ. ಮನೆಯೊಳಗೆ ಹಾಕಲಿಕ್ಕೆಂದೇ ಒಂದು ಜೊತೆ ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳಿ. ಹಿರಿಯರು ಬೇಡವೆಂದರೆ ಕಾರಣ ಬಿಡಿಸಿ ಹೇಳಿ. ದೇವರ ಕೋಣೆಯ ಹೊರಗೆ ಬಿಟ್ಟರಾಯಿತು. ಸವೆದು ತೆಳ್ಳಗಾದ ಹವಾಯಿ ಚಪ್ಪಲಿ ಮಾತ್ರ ಬೇಡ.

ನಿಜವಾದ ಮದ್ದು ವ್ಯಾಯಾಮ. ಹಾಸಿಗೆ ಬಿಟ್ಟು ಏಳುವ ಮೊದಲೇ ಕಾಲಿನ ಮೇಲೆ ಕಾಲು ಹಾಕಿ ಕೂತು, ಬೆರಳುಗಳನ್ನು ಮೊಣಕಾಲಿನ ಕಡೆಗೆ ಕೈಯಿಂದ ಎಳೆಯಿರಿ. 10 ಎಣಿಸಿ ಬಿಡಿ. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಗೋಡೆಗೆ ಕೈಯೂರಿ, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ವಾಲಿ ಮೀನಖಂಡವನ್ನೂ ಎಳೆಯಿರಿ. ಸಂಜೆ ನೀರಿನ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು, ಬಟ್ಟೆ ಸುತ್ತಿ, ಅಂಗಾಲಿನಡಿ 10 ನಿಮಿಷ ಉರುಳಿಸಿ. ಕ್ಲಾಸಿನಲ್ಲಿ ಸಿಕ್ಕಾಗಲೆಲ್ಲ ಕೂತುಕೊಳ್ಳಿ. ವಾರದಲ್ಲಿ ಹೋಗುವ ನೋವಲ್ಲ ಇದು, ತಿಂಗಳುಗಳು ಬೇಕು. ಆದರೆ ಬಹುತೇಕರಿಗೆ ಒಂದು ವರ್ಷದೊಳಗೆ ಹೋಗುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್‌ನಿಂದ ಕೆಲವು ವಾರ ಆರಾಮ ಸಿಗಬಹುದು. ಪದೇ ಪದೇ ಕೊಟ್ಟರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬು ಕರಗುವ ಭಯವಿದೆ.

ಪಾದದ ನೋವೆಲ್ಲ ಇದೇ ಅಲ್ಲ. ರಾತ್ರೋರಾತ್ರಿ ಹೆಬ್ಬೆರಳ ಬುಡ ಕೆಂಪಗೆ ಊದಿಕೊಂಡರೆ ಯೂರಿಕ್ ಆಸಿಡ್‌ನಿಂದ ಬರುವ ಗೌಟ್ ಇರಬಹುದು. ಹಿಮ್ಮಡಿಯ ಹಿಂಭಾಗ ನೋಯುವುದು ಅಲ್ಲಿನ ದಪ್ಪ ಸ್ನಾಯುರಜ್ಜುವಿನ ತೊಂದರೆ. ಬಿದ್ದ ಮೇಲೆ ಕಾಲೂರಲಾಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ನಿಮಗೆ ಶುಗರ್ ಇದೆಯೋ ಇಲ್ಲವೋ ಬರೆದಿಲ್ಲ. ಇದ್ದರೆ ಇದನ್ನು ದಯವಿಟ್ಟು ಎರಡು ಸಲ ಓದಿ. ಶುಗರ್ ಇರುವವರಲ್ಲಿ ನೋವಿಗಿಂತ ನೋವು ಗೊತ್ತಾಗದಿರುವುದೇ ಹೆಚ್ಚು ಅಪಾಯ. ನರಗಳು ಸೊರಗಿ ಪಾದ ಜೋಮು ಹಿಡಿಯುತ್ತದೆ. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲು ಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಅಂಗಾಲು ಸುಟ್ಟಿದ್ದೇ ಗೊತ್ತಾಗುವುದಿಲ್ಲ. ಅಂಥವರಿಗೆ ಮೇಲೆ ಹೇಳಿದ ಐಸ್ ಬಾಟಲಿ ಬೇಡ, ಬಿಸಿನೀರಿನ ಶಾಖವೂ ಬೇಡ. ದಿನಾ ರಾತ್ರಿ ಅಂಗಾಲು, ಬೆರಳ ಸಂದಿ ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ಕನ್ನಡಿ ಇಡಿ, ಇಲ್ಲವೇ ಮಕ್ಕಳಿಗೆ ತೋರಿಸಿ. ಪಾದಕ್ಕೆ ಎಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಬೇಡ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ಚಿಕ್ಕ ಗುಳ್ಳೆ ಕಂಡರೂ, ನೋವಿಲ್ಲ ಅಂತ ಸುಮ್ನೆ ಬಿಡದೆ ಡಾಕ್ಟರಿಗೆ ತೋರಿಸಿ.