ಸೋತ ಪಕ್ಷ, ಗೆದ್ದ ವಾದ: ಅಮೆರಿಕದ ಫೆಡರಲಿಸ್ಟರು

ಕೇಂದ್ರ ಮತ್ತು ರಾಜ್ಯಗಳ ಶಾಸನಾಧಿಕಾರದ ವ್ಯಾಜ್ಯಗಳನ್ನು ನಡೆಸುವ ವಕೀಲರಿಗೆ, ಬಲವಾದ ಕೇಂದ್ರ ಸರ್ಕಾರದ ಪರವಾಗಿದ್ದ ಅಮೆರಿಕದ ಫೆಡರಲಿಸ್ಟ್ ಪಕ್ಷ ಹಳೆಯ ಚರಿತ್ರೆಯಲ್ಲ. ಕೇಂದ್ರ, ರಾಜ್ಯಗಳ ನಡುವೆ ಶಾಸನದ ವಿಷಯಗಳನ್ನು ಹಂಚುವ ನಮ್ಮ ಸಂವಿಧಾನದ ಏಳನೇ ಅನುಸೂಚಿಯ ಒಂದು ನಮೂದಿನ ವ್ಯಾಪ್ತಿ ಎಷ್ಟು ಎಂಬ ಪ್ರಶ್ನೆ ಎದ್ದಾಗಲೆಲ್ಲ, ಆ ಪಕ್ಷದ ನಾಯಕ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮಂಡಿಸಿದ ವಾದದ ಆಸುಪಾಸಿಗೇ ನಾವು ಬಂದು ನಿಲ್ಲುತ್ತೇವೆ.

ಮೊದಲ ಖಜಾನೆ ಕಾರ್ಯದರ್ಶಿಯಾಗಿದ್ದ ಹ್ಯಾಮಿಲ್ಟನ್, ಸ್ವಾತಂತ್ರ್ಯ ಯುದ್ಧಕ್ಕಾಗಿ ರಾಜ್ಯಗಳು ಮಾಡಿದ್ದ ಸಾಲವನ್ನು ಕೇಂದ್ರವೇ ವಹಿಸಿಕೊಳ್ಳಬೇಕೆಂದು 1790ರಲ್ಲಿ ಪಟ್ಟು ಹಿಡಿದರು. ಸಾಲ ಕೊಟ್ಟವರ ಹಿತವು ಕೇಂದ್ರದ ಉಳಿವಿನೊಂದಿಗೆ ಬೆಸೆದುಕೊಳ್ಳಲಿ ಎಂಬುದು ಅವರ ಲೆಕ್ಕಾಚಾರವಾಗಿತ್ತು. ಮರುವರ್ಷ 1 ಕೋಟಿ ಡಾಲರ್ ಬಂಡವಾಳದ ರಾಷ್ಟ್ರೀಯ ಬ್ಯಾಂಕಿನ ಮಸೂದೆ ಬಂದಾಗ ವಿದೇಶಾಂಗ ಕಾರ್ಯದರ್ಶಿ ಥಾಮಸ್ ಜೆಫರ್ಸನ್ ಅದನ್ನು ಬಲವಾಗಿ ವಿರೋಧಿಸಿದರು. ಬ್ಯಾಂಕ್ ಸ್ಥಾಪಿಸುವ ಅಧಿಕಾರವನ್ನು ಸಂವಿಧಾನ ಎಲ್ಲಿಯೂ ಕೊಟ್ಟಿಲ್ಲ, ಅದು ಅನುಮತಿಸುವ ‘ಅಗತ್ಯ’ ಕ್ರಮವೆಂದರೆ ಅದಿಲ್ಲದೆ ಕೆಲಸವೇ ನಡೆಯದಂಥದ್ದು ಎಂದು ಅವರು ವಾದಿಸಿದರು. ಗುರಿ ಸಂವಿಧಾನದೊಳಗೇ ಇದ್ದು, ಸಾಧನವನ್ನು ಅದು ನಿಷೇಧಿಸದಿದ್ದರೆ, ಆ ಸಾಧನವನ್ನು ಬಳಸುವ ಅಧಿಕಾರವೂ ಅಲ್ಲಿಯೇ ಅಂತರ್ಗತವಾಗಿದೆ ಎಂಬುದು ಹ್ಯಾಮಿಲ್ಟನ್‌ರ ಉತ್ತರ. ಅಧ್ಯಕ್ಷ ವಾಷಿಂಗ್ಟನ್ ಮಸೂದೆಗೆ ಸಹಿ ಹಾಕಿದರು.

ಇಷ್ಟು ದೂರದೃಷ್ಟಿಯ ಪಕ್ಷ ಟೀಕೆಯನ್ನು ಸಹಿಸದೆ ಕೆಟ್ಟಿತು ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಅದೇ ತಂದ 1798ರ ರಾಜದ್ರೋಹ ಕಾಯ್ದೆಯಡಿ, ಆ ಪಕ್ಷದವರೇ ಆದ ಅಧ್ಯಕ್ಷ ಜಾನ್ ಆಡಮ್ಸ್‌ರನ್ನು ಟೀಕಿಸಿ ಬರೆದ ವರ್ಮಾಂಟ್‌ನ ಸಂಸದ ಮ್ಯಾಥ್ಯೂ ಲಯನ್‌ಗೆ ನಾಲ್ಕು ತಿಂಗಳ ಸೆರೆವಾಸ ಮತ್ತು 1,000 ಡಾಲರ್ ದಂಡ ವಿಧಿಸಲಾಯಿತು; ಮತದಾರರು ಅವರನ್ನು ಸೆರೆಮನೆಯಲ್ಲಿರುವಾಗಲೇ ಮತ್ತೆ ಆರಿಸಿದರು. 1800ರ ಚುನಾವಣೆಯಲ್ಲಿ ಸೋತ ಪಕ್ಷಕ್ಕೆ ಅಧ್ಯಕ್ಷ ಪದವಿ ಮತ್ತೆಂದೂ ದಕ್ಕಲಿಲ್ಲ.

ಆದರೆ ಅಧಿಕಾರ ಬಿಡುವ ಮುನ್ನ ಆಡಮ್ಸ್, ಫೆಡರಲಿಸ್ಟರೇ ಆದ ಜಾನ್ ಮಾರ್ಷಲ್‌ರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದ್ದರು. 1791ರಲ್ಲಿ ಬ್ಯಾಂಕನ್ನು ವಿರೋಧಿಸಿದ್ದ ಜೇಮ್ಸ್ ಮ್ಯಾಡಿಸನ್ ಅವರೇ ಅಧ್ಯಕ್ಷರಾಗಿ 1816ರಲ್ಲಿ ಎರಡನೆಯ ರಾಷ್ಟ್ರೀಯ ಬ್ಯಾಂಕಿಗೆ ಒಪ್ಪಿಗೆ ಕೊಟ್ಟರು. ಆ ಬ್ಯಾಂಕಿನ ಬಾಲ್ಟಿಮೋರ್ ಶಾಖೆಯ ಮೇಲೆ ಮೇರಿಲ್ಯಾಂಡ್ ರಾಜ್ಯ ತೆರಿಗೆ ಹೇರಿದ ಪ್ರಕರಣವು 1819ರಲ್ಲಿ ಮಾರ್ಷಲ್‌ರ ಮುಂದೆ ಬಂತು. ರಾಜ್ಯಗಳ ಸುಂಕವನ್ನು ನಿರ್ಬಂಧಿಸುವ ವಿಧಿಯಲ್ಲಿ ‘ಸಂಪೂರ್ಣ ಅಗತ್ಯ’ ಎಂದು ಬರೆದ ಸಂವಿಧಾನಕಾರರು, ಕೇಂದ್ರಕ್ಕೆ ಅಧಿಕಾರ ಕೊಡುವ ವಿಧಿಯಲ್ಲಿ ಬರೀ ‘ಅಗತ್ಯ’ ಎಂದಿದ್ದಾರೆ. ಆದ್ದರಿಂದ ಎರಡಕ್ಕೂ ಒಂದೇ ಅರ್ಥ ಹಚ್ಚಲಾಗದು ಎಂದ ಮಾರ್ಷಲ್, ಬ್ಯಾಂಕನ್ನು ಎತ್ತಿಹಿಡಿದು ಮೇರಿಲ್ಯಾಂಡ್‌ನ ತೆರಿಗೆಯನ್ನು ಅಸಿಂಧುವೆಂದು ಘೋಷಿಸಿದರು.